ಗಾರೆಗೋಡೆಯೂ ಪಟದ ಮೊಳೆಯೂ

ಸಂಸ್ಕೃತದಲ್ಲಿ ‘ಸುಧಾ’ ಎಂಬ ಶಬ್ದಕ್ಕೆ ಎರಡು ಅರ್ಥಗಳು ಪ್ರಸಿದ್ಧವಾಗಿವೆ. ದೇವತೆಗಳು ಕುಡಿಯುವ ಅಮೃತವು ಒಂದು. ಗೋಡೆಗೆ ಬಳಿಯುವ ಸುಣ್ಣವು ಇನ್ನೊಂದು. ಸುಧೆಯ ಲೇಪವುಳ್ಳ ಮನೆಯೇ ಸೌಧ. ಅಮರಸಿಂಹನು ಸೌಧವೆಂದರೆ ಅರಸನ ಮನೆಯೆಂದು ಹೇಳಿರುವನು. ಹುಲ್ಲಿನ ಮನೆಗೂ ಅರಸನ ಮನೆಗೂ ಇದ್ದ ಅಂತರವನ್ನು ಜನರು ಗೋಡೆಯ ಬಿಳುಪಿನಿಂದ ಅಳೆಯುತ್ತಿದ್ದರೆಂಬುದಕ್ಕೆ ಈ ಶಬ್ದವೇ ಸಾಕ್ಷಿಯಾಗಿದೆ. ಈಗ ಆ ಮೂಲಾರ್ಥವು ಮರೆತುಹೋಗಿದೆ. ೧೯೫೬ರಲ್ಲಿ ಪೂರ್ಣಗೊಂಡ ಬೆಂಗಳೂರಿನ ವಿಧಾನಸೌಧದ ಹೊರಮೈಯೆಲ್ಲವೂ ಗ್ರಾನೈಟು ಕಲ್ಲು. ಅದಕ್ಕೆ ಸೌಧವೆಂಬ ಹೆಸರು ಬಂದುದರಲ್ಲಿ ರೂಢಿಯು ಯೋಗಾರ್ಥವನ್ನು ನುಂಗಿತೆಂದು ಶಾಸ್ತ್ರಿಗಳು ನಗಬಹುದು.

ಇಂತಹುದೇ ಮತ್ತೊಂದು ಶಬ್ದ ‘ಪಟ’. ನಮ್ಮ ಮನೆಗಳಲ್ಲಿ ಪಟವೆಂದರೆ ಕಟ್ಟು ಹಾಕಿಸಿ ಗಾಜು ಕೂರಿಸಿದ ಚಿತ್ರ. ಮೂಲದಲ್ಲಿ ಅದು ಬಟ್ಟೆ. ವಿಶಾಖದತ್ತನ ಮುದ್ರಾರಾಕ್ಷಸದ ಮೊದಲನೆಯ ಅಂಕದಲ್ಲಿ ಚಾಣಕ್ಯನ ಗೂಢಚಾರನು ಯಮಪಟವನ್ನು ಹಿಡಿದು ಬರುತ್ತಾನೆ. ಅದು ಸುತ್ತಿ ಒಯ್ಯಬಹುದಾದ, ಬೇಕಾದಾಗ ಹರಡಿ ತೋರಿಸಬಹುದಾದ ಬಟ್ಟೆಯ ಚಿತ್ರ. ಚಿತ್ರವು ಬಟ್ಟೆಯ ಮೇಲಿದ್ದರೆ ಪಟ, ಹಲಗೆಯ ಮೇಲಿದ್ದರೆ ಫಲಕ, ಗೋಡೆಯ ಮೇಲಿದ್ದರೆ ಭಿತ್ತಿಚಿತ್ರ. ವಾತ್ಸ್ಯಾಯನನು ನಾಗರಕನ ಕೋಣೆಯನ್ನು ವರ್ಣಿಸುವಾಗ ನಾಗದಂತದಲ್ಲಿ ತೂಗುಬಿಟ್ಟ ವೀಣೆಯನ್ನೂ, ಚಿತ್ರಫಲಕವನ್ನೂ, ಕುಂಚಗಳ ಸಂಪುಟವನ್ನೂ ಹೇಳುತ್ತಾನೆ. ನಾಗದಂತವೆಂದರೆ ಗೋಡೆಯಿಂದ ಆನೆಯ ಕೊಂಬಿನಂತೆ ಹೊರಚಾಚಿದ ಗೂಟ. ನಮ್ಮ ಹಳೆಯ ತೊಟ್ಟಿಮನೆಗಳ ಪಡಸಾಲೆಯಲ್ಲಿ ರುಮಾಲು, ಅಂಗವಸ್ತ್ರಗಳನ್ನು ಹಾಕುತ್ತಿದ್ದ ಮರದ ಗೂಟಗಳು ಅದರ ವಂಶದವೇ. ಈ ಗೂಟಗಳು ಗೋಡೆಯನ್ನು ಕಟ್ಟುವಾಗಲೇ ಇಟ್ಟಿಗೆ ಕಲ್ಲುಗಳ ನಡುವೆ ಹುದುಗಿಸಲ್ಪಡುತ್ತಿದ್ದುವು. ಕಟ್ಟಿ ಮುಗಿದ ಗೋಡೆಯ ಮೇಲೆ ಸುತ್ತಿಗೆಯಿಂದ ಮೊಳೆ ಹೊಡೆದು ಚಿತ್ರವನ್ನು ತೂಗುಹಾಕುವ ಪದ್ಧತಿಯು ನಮ್ಮ ಸಾಮಾನ್ಯ ಗೃಹಸ್ಥರ ಮನೆಗಳಲ್ಲಿ ಅಷ್ಟೇನೂ ಪುರಾತನವಾದುದಲ್ಲ.

ಹಿರಿಯರ ಮನೆಯನ್ನು ಮಾರದೆ ಉಳಿಸಿಕೊಂಡಿರುವ ಕೆಲವರು ಆಗಾಗ ನನ್ನನ್ನು ಒಂದು ಪ್ರಶ್ನೆ ಕೇಳುವುದುಂಟು: “ಮೇಷ್ಟ್ರೇ, ಪಟಕ್ಕೆಂದು ಮೊಳೆ ಹೊಡೆದರೆ ಅಂಗೈಯಗಲ ಗಾರೆ ಉದುರುತ್ತದೆ; ಸಿಮೆಂಟು ಮೆತ್ತಿದರೆ ಅದರ ಸುತ್ತ ಇನ್ನಷ್ಟು ಉದುರುತ್ತದೆ; ಏನು ಮಾಡೋಣ?” ಇದು ಗಾರೆಕೆಲಸದವನನ್ನು ಕೇಳತಕ್ಕ ಪ್ರಶ್ನೆಯೆಂದು ನುಣುಚಿಕೊಳ್ಳಬಹುದಾಗಿತ್ತು. ಆದರೆ ಈಗಿನ ಕೆಲಸಗಾರರಲ್ಲಿ ಅನೇಕರು ಸಿಮೆಂಟನ್ನಲ್ಲದೆ ಬೇರೊಂದನ್ನು ಕೈಯಿಂದ ಮುಟ್ಟಿದವರಲ್ಲ. ಈ ಪ್ರಶ್ನೆಯ ಉತ್ತರವು ಅರ್ಧ ಚರಿತ್ರೆಯಲ್ಲಿದೆ. ಗೋಡೆಯು ಯಾವುದರಿಂದ ಆದುದು, ಅದರ ಮೇಲೆ ಚಿತ್ರವು ಹೇಗೆ ಇದ್ದಿತು, ಯಾವಾಗ ಅಲ್ಲಿಂದ ಇಳಿದು ಕಟ್ಟಿನೊಳಗೆ ಸೇರಿತು ಎಂಬುದನ್ನು ತಿಳಿದರೆ ಮೊಳೆಯ ವಿಚಾರವು ತಾನಾಗಿಯೇ ತಿಳಿಯಾಗುವುದು.

ಗೋಡೆಯನ್ನು ಚಿತ್ರಕ್ಕೆ ಹದಗೊಳಿಸುವ ವಿಧಾನವನ್ನು ನಮ್ಮ ಪ್ರಾಚೀನರು ಸಾವಧಾನವಾಗಿ ಬರೆದಿಟ್ಟಿದ್ದಾರೆ. ವಿಷ್ಣುಧರ್ಮೋತ್ತರದ ಮೂರನೆಯ ಖಂಡದಲ್ಲಿ ಚಿತ್ರಸೂತ್ರವೆಂಬ ಭಾಗವುಂಟು. ಅಲ್ಲಿ ಹೇಳಿರುವ ಲೇಪದಲ್ಲಿ ಮೂರು ಬಗೆಯ ಇಟ್ಟಿಗೆಯ ಪುಡಿ, ಅದರ ಮೂರನೆಯ ಒಂದು ಪಾಲು ಮಣ್ಣು, ಗುಗ್ಗುಲು, ಜೇನುಮೇಣ, ಮಧುಕ, ಬೆಲ್ಲ, ಹೆಸರುಕಾಳು, ಎಣ್ಣೆ, ಬಿಲ್ವದ ಕಾಯಿಯ ತಿರುಳು, ತಕ್ಕಷ್ಟು ಮರಳು ಇವೆಲ್ಲವೂ ಸೇರುತ್ತವೆ. ಅದನ್ನು ಕಲಸಿದ ಕೂಡಲೆ ಗೋಡೆಗೆ ಹಚ್ಚುವಂತಿಲ್ಲ. ಒಂದು ತಿಂಗಳ ಕಾಲ ಹಾಗೆಯೇ ಇಟ್ಟು, ಹದವರಿತು, ಅತಿ ದಪ್ಪವೂ ಅತಿ ತೆಳುವೂ ಆಗದಂತೆ, ಉಬ್ಬು ತಗ್ಗುಗಳಿಲ್ಲದಂತೆ ಹಚ್ಚಬೇಕು. ಒಣಗುವಾಗ ಬಿರುಕು ಕಂಡರೆ ಮತ್ತೆ ಸರ್ಜರಸವನ್ನೂ ಎಣ್ಣೆಯನ್ನೂ ಕೂಡಿಸಿದ ಮಣ್ಣಿನಿಂದ ಸವರಬೇಕು. ನೀರು ಚಿಮುಕಿಸಿ ಚಿಮುಕಿಸಿ ಉಜ್ಜಬೇಕು. ಹೀಗೆ ಮಾಡಿದ ಗೋಡೆಯು ನೂರು ವರ್ಷವಾದರೂ ಕೆಡದೆಂದು ಗ್ರಂಥಕಾರನು ಭರವಸೆ ಕೊಡುತ್ತಾನೆ.

ವರಾಹಮಿಹಿರನು ಇಷ್ಟು ಮಿತಭಾಷಿಯಲ್ಲ. ಬೃಹತ್ಸಂಹಿತೆಯ ವಜ್ರಲೇಪಾಧ್ಯಾಯದಲ್ಲಿ ಎಳೆಯ ತಿಂದುಕ, ಬೇಲದ ಕಾಯಿ, ಬೂರುಗದ ಹೂವು ಮೊದಲಾದುವನ್ನು ಒಂದು ದ್ರೋಣ ನೀರಿನಲ್ಲಿ ಕುದಿಸಿ, ಎಂಟನೆಯ ಒಂದು ಪಾಲಿಗೆ ಇಳಿಸಿ, ಗುಗ್ಗುಲು, ಸರ್ಜರಸ, ಅಗಸೆ, ಬಿಲ್ವ ಮೊದಲಾದುವುಗಳ ಕಲ್ಕವನ್ನು ಬೆರೆಸಿ, ಬಿಸಿಯಾಗಿರುವಾಗಲೇ ಪ್ರಾಸಾದ, ಪ್ರತಿಮೆ, ಗೋಡೆ, ಬಾವಿಗಳಿಗೆ ಬಳಿಯತಕ್ಕದ್ದೆಂದು ವಿಧಿಸಿ, ಅದು ಸಹಸ್ರವನ್ನು ಹತ್ತುಸಾವಿರದಿಂದ ಗುಣಿಸಿದಷ್ಟು, ಎಂದರೆ ಒಂದು ಕೋಟಿ ವರ್ಷ, ಇರುವುದೆಂದು ಹೇಳಿದ್ದಾನೆ. ಜ್ಯೋತಿಷಿಗಳ ಸಂಖ್ಯೆಗಳು ದೊಡ್ಡವು. ನನಗೆ ಚಿತ್ರಸೂತ್ರದ ನೂರು ವರ್ಷದ ಮಾತೇ ಹೆಚ್ಚು ನಂಬಿಕೆಗೆ ಅರ್ಹವೆಂದು ತೋರುತ್ತದೆ. ನೂರು ವರ್ಷದ ತರುವಾಯ ದುರಸ್ತಿಯು ಬೇಕಾಗುವುದೆಂಬುದು ಆ ಮಾತಿನಲ್ಲಿಯೇ ಅಡಗಿದೆಯಲ್ಲವೆ?

ಮೂರನೆಯ ಗ್ರಂಥವು ನಮ್ಮ ನಾಡಿನದೇ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸವು ಅಭಿಲಷಿತಾರ್ಥಚಿಂತಾಮಣಿಯೆಂದೂ ಪ್ರಸಿದ್ಧವಾಗಿದೆ. ಅದರ ಮೊದಲನೆಯ ಸಂಪುಟವನ್ನು ೧೯೨೬ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಪರಿಷ್ಕರಿಸಿ ಪ್ರಕಟಿಸಿದರು. ಸೋಮೇಶ್ವರನೂ ವಜ್ರಲೇಪವನ್ನು ಹೇಳುತ್ತಾನೆ. ಆದರೆ ಹೆಸರು ಒಂದೇ ಹೊರತು ವಸ್ತು ಬೇರೆ. ಕೋಣನ ಹಸಿಯ ತೊಗಲನ್ನು ಬೆಣ್ಣೆಯಂತಾಗುವವರೆಗೆ ನೀರಿನಲ್ಲಿ ಬೇಯಿಸಿ, ಕಡ್ಡಿಗಳನ್ನಾಗಿ ಮಾಡಿ, ಬಿಸಿಲಿನಲ್ಲಿ ಒಣಗಿಸಿಟ್ಟುಕೊಳ್ಳುವುದು. ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿ ಬಿಳಿಯ ಮಣ್ಣಿನೊಡನೆ ಬೆರೆಸಿ, ಒಣಗಿದ ಗೋಡೆಗೆ ಮೂರು ಸಲ ಬಳಿಯುವುದು. ವರಾಹಮಿಹಿರನದು ಗಿಡಮರಗಳ ಅಂಟು, ಸೋಮೇಶ್ವರನದು ಚರ್ಮದ ಅಂಟು. ಕೋಶಗಳಲ್ಲಿ ಒಂದೇ ಅರ್ಥವನ್ನು ಕೊಟ್ಟು ಮುಗಿಸಿರುವುದರಿಂದ ವಿದ್ಯಾರ್ಥಿಗಳು ಇಲ್ಲಿ ಎಡವುತ್ತಾರೆ. ಕೆಳದಿಯ ಬಸವಪ್ಪನಾಯಕನು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರೆದ ಶಿವತತ್ತ್ವರತ್ನಾಕರದಲ್ಲಿಯೂ ಚಿತ್ರಕರ್ಮದ ವಿಚಾರವಿದೆ.

ಈ ಗ್ರಂಥಗಳ ಪಾಕಗಳು ಬೇರೆ ಬೇರೆಯಾದರೂ ಒಂದು ವಿಷಯದಲ್ಲಿ ಎಲ್ಲರಿಗೂ ಐಕಮತ್ಯವಿದೆ. ಪದರಗಳು ತೆಳ್ಳಗಿರಬೇಕು, ಕೆಳಗಿನದು ಒಣಗದೆ ಮೇಲಿನದು ಬೀಳಬಾರದು, ಆತುರವು ಸಲ್ಲದು. ಗೋಡೆಗಿಂತ ಲೇಪವು ಗಟ್ಟಿಯಾಗಿರಬೇಕೆಂದು ಇವರಲ್ಲಿ ಯಾರೂ ಹೇಳಲಿಲ್ಲ. ಮುಂದೆ ಸಿಮೆಂಟಿನ ವಿಚಾರಕ್ಕೆ ಬಂದಾಗ ಇದನ್ನು ವಾಚಕರು ನೆನಪಿಗೆ ತಂದುಕೊಳ್ಳಬೇಕು.

ಇನ್ನು ಗಾರೆಯ ಸ್ವಭಾವ. ಸುಣ್ಣಕಲ್ಲನ್ನಾಗಲಿ, ಕರಾವಳಿಯಲ್ಲಿ ಚಿಪ್ಪನ್ನಾಗಲಿ ಗೂಡಿನಲ್ಲಿಟ್ಟು ಸುಟ್ಟರೆ ಅದರೊಳಗಿನ ಇಂಗಾಲಾಮ್ಲವಾಯುವು ಹೊರಟುಹೋಗಿ ಸುಟ್ಟಸುಣ್ಣವು ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತನೆ ಕುದಿದು ಅರಳಿ ಬೆಣ್ಣೆಯಂತಾಗುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ತಾನು ಕಳೆದುಕೊಂಡಿದ್ದ ವಾಯುವನ್ನೇ ಮೆಲ್ಲಮೆಲ್ಲನೆ ಹೀರಿಕೊಂಡು ಪುನಃ ಕಲ್ಲಾಗುತ್ತದೆ. ಕಲ್ಲು ಸುಣ್ಣವಾಗಿ, ಸುಣ್ಣವು ಗಾರೆಯಾಗಿ, ಗಾರೆಯು ಮತ್ತೆ ಕಲ್ಲಾಗುವ ಈ ಚಕ್ರವು ತಿರುಗಿ ಬರುವುದಕ್ಕೆ ತಿಂಗಳುಗಳೂ, ದಪ್ಪವಾದ ಗೋಡೆಯಲ್ಲಿ ವರ್ಷಗಳೂ ಹಿಡಿಯುವುವು. ಹಾಗೆ ಆದ ಕಲ್ಲಿನ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ನೆಲದಿಂದ ಗೋಡೆಗೆ ಏರಿದ ತೇವವು ಅವುಗಳ ಮೂಲಕ ಹಬೆಯಾಗಿ ಹೊರಗೆ ಹೋಗುತ್ತದೆ. ಮಣ್ಣು, ಇಟ್ಟಿಗೆ, ಗಾರೆ ಮೂರೂ ಒಂದೇ ಗುಣದವಾದುದರಿಂದ ಮಳೆಗಾಲದಲ್ಲಿ ತೇವವನ್ನು ಕುಡಿದು ಬೇಸಿಗೆಯಲ್ಲಿ ಬಿಡುತ್ತ ನೂರಾರು ವರ್ಷ ಒಟ್ಟಿಗೆ ಬಾಳುತ್ತವೆ. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಮೊದಲಾದುವನ್ನು ನಮ್ಮ ಕೆಲಸಗಾರರು ಗಾರೆಗೆ ಸೇರಿಸುತ್ತಿದ್ದರು. ನಯವಾದ ಮೇಲುಪದರಕ್ಕೆ ಮೊಟ್ಟೆಯ ಬಿಳಿಯನ್ನು ಹಾಕುವುದು ತಮಿಳುನಾಡಿನ ಕಡೆ ರೂಢಿಯಲ್ಲಿತ್ತು. ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಅರೆದುದು ಸುರ್ಕಿ. ಚಿತ್ರಸೂತ್ರದ ಇಟ್ಟಿಗೆಪುಡಿಯು ಎಲ್ಲಿಗೆ ಹೋಯಿತೆಂದು ಕೇಳುವವರು ಕನ್ನಂಬಾಡಿಗೆ ಹೋಗಿ ನೋಡಬಹುದು. ೧೯೧೧ರಲ್ಲಿ ಆರಂಭವಾದ ಆ ಕಟ್ಟೆಯು ಸುರ್ಕಿಗಾರೆಯಿಂದ ಕಟ್ಟಿದ್ದು.

ಇಂತಹ ಗೋಡೆಗಳ ಮೇಲೆ ನಮ್ಮವರು ಚಿತ್ರಗಳನ್ನು ಬರೆದರು. ಬಾದಾಮಿಯ ಮೂರನೆಯ ಗುಹೆಯು ಶಕವರ್ಷ ೫೦೦, ಎಂದರೆ ಕ್ರಿ.ಶ. ೫೭೮ರ ಮಂಗಲೇಶನ ಶಾಸನವುಳ್ಳದ್ದು. ಅಲ್ಲಿ ಚಿತ್ರಗಳ ಅವಶೇಷಗಳು ಇನ್ನೂ ಇವೆ. ಹಂಪೆಯ ವಿರೂಪಾಕ್ಷನ ರಂಗಮಂಟಪದ ಮೇಲ್ಛಾವಣಿಯನ್ನೂ, ಈಗ ಆಂಧ್ರಪ್ರದೇಶಕ್ಕೆ ಸೇರಿರುವ ಲೇಪಾಕ್ಷಿಯ ವೀರಭದ್ರ ದೇವಾಲಯವನ್ನೂ ನೋಡದ ಓದುಗರು ಕಡಮೆ. ತುಮಕೂರು ಜಿಲ್ಲೆಯ ಸೀಬಿಯ ನರಸಿಂಹ ದೇವಾಲಯದ ಮಾಳಿಗೆಯ ಚಿತ್ರಗಳನ್ನು ಮಾತ್ರ, ಹೆದ್ದಾರಿಯು ಹತ್ತಿರದಲ್ಲಿಯೇ ಇದ್ದರೂ, ಹೆಚ್ಚು ಜನ ನೋಡಿದಂತೆ ಕಾಣೆ.

ದುರಸ್ತಿಯ ವಿಚಾರದಲ್ಲಿ ಪಾಠ ಹೇಳತಕ್ಕ ಕಟ್ಟಡವೆಂದರೆ ಶ್ರೀರಂಗಪಟ್ಟಣದ ದರಿಯಾದೌಲತ್. ೧೭೮೪ರಲ್ಲಿ ಟಿಪ್ಪುಸುಲ್ತಾನನು ಕಟ್ಟಿಸಿದ ಈ ಬೇಸಿಗೆಯ ಅರಮನೆಯ ಪಶ್ಚಿಮದ ಗೋಡೆಯಲ್ಲಿ ೧೭೮೦ರ ಪೊಲ್ಲಿಲೂರಿನ ಯುದ್ಧದ ಚಿತ್ರವಿದೆ. ಕರ್ನಲ್ ಬೇಯ್ಲಿಯ ಇಂಗ್ಲಿಷ್ ದಂಡು ಸುತ್ತುವರಿಯಲ್ಪಟ್ಟು ಸೋತುದನ್ನು ಚಿತ್ರಕಾರನು ವಿನೋದದಿಂದಲೇ ಬರೆದಿದ್ದಾನೆ. ಬಿ. ಎಲ್. ರೈಸರ ಮೈಸೂರು ಗೆಜೆಟಿಯರಿನಂತೆ ಮುತ್ತಿಗೆಗೆ ಮುಂಚೆಯೇ ಈ ಚಿತ್ರಗಳು ಕೆಡಿಸಲ್ಪಟ್ಟಿದ್ದುವು. ೧೭೯೯ರ ಬಳಿಕ ಅಲ್ಲಿ ವಾಸಮಾಡಿದ ಕರ್ನಲ್ ವೆಲ್ಲೆಸ್ಲಿಯು ಅವನ್ನು ಸರಿಮಾಡಿಸಿದನು. ಕಾಲಕ್ರಮದಲ್ಲಿ ಮತ್ತೆ ಅವು ಬಹುಮಟ್ಟಿಗೆ ಅಳಿಸಿಹೋದುವು. ೧೮೫೦ರ ದಶಕದಲ್ಲಿ ಡಾಲ್‌ಹೌಸಿಯು ಮೈಸೂರು ಸೀಮೆಗೆ ಬಂದಾಗ, ಮೂಲಚಿತ್ರಗಳನ್ನು ಕಂಡು ನೆನಪಿಟ್ಟುಕೊಂಡಿದ್ದ ದೇಶೀಯ ಚಿತ್ರಕಾರನೊಬ್ಬನಿಂದ ಅವನ್ನು ಪುನಃ ಬರೆಯಿಸುವಂತೆ ಆಜ್ಞೆಮಾಡಿದನು. ತನ್ನವರ ಸೋಲಿನ ಚಿತ್ರವನ್ನು ಇಂಗ್ಲಿಷರವನೇ ಎರಡು ಸಲ ದುರಸ್ತಿ ಮಾಡಿಸಿದನೆಂಬುದು ವಿಚಿತ್ರವಾದ ಸಂಗತಿ. ನಮಗೆ ಮುಖ್ಯವಾದುದು ಬೇರೆ: ನಾವು ಇಂದು ಟಿಪ್ಪುವಿನ ಕಾಲದ ಚಿತ್ರವೆಂದು ನೋಡುವುದು ಬಹುಭಾಗ ಒಬ್ಬ ಮುದುಕನ ನೆನಪಿರಬಹುದು. ಗೋಡೆಯ ಚಿತ್ರಕ್ಕೆ ಎರಡನೆಯ ಪ್ರತಿಯಿಲ್ಲ. ಗಾರೆಯು ಬಿದ್ದರೆ ಚಿತ್ರವೂ ಬಿದ್ದಂತೆಯೇ.

ಒಳ್ಳೆಯ ಬುದ್ಧಿಯಿಂದ ಮಾಡಿದ ದುರಸ್ತಿಯೂ ಕೇಡಾಗಬಹುದೆಂಬುದಕ್ಕೆ ಅಜಂತೆಯು ದೃಷ್ಟಾಂತ. ಅಲ್ಲಿಯ ಗೋಡೆಯ ಮೆತ್ತಿಗೆಯು ಮುಖ್ಯವಾಗಿ ನಾರು ಹೊಟ್ಟುಗಳನ್ನು ಬೆರೆಸಿದ ಮಣ್ಣು. ಮೇಲೆ ತೆಳುವಾದ ಬಿಳಿಯ ಲೇಪ. ಹೈದರಾಬಾದಿನ ನಿಜಾಮ ಸರ್ಕಾರವು ೧೯೨೦ರಲ್ಲಿ ಇಟಲಿಯಿಂದ ಚೆಕ್ಕೋನಿ ಮತ್ತು ಓರ್ಸಿನಿ ಎಂಬ ಇಬ್ಬರು ತಜ್ಞರನ್ನು ಕರೆಸಿತು. ಸಡಿಲವಾದ ಮೆತ್ತಿಗೆಯನ್ನು ಅವರು ಭದ್ರಪಡಿಸಿದ್ದೇನೋ ನಿಜ. ಆದರೆ ಬಣ್ಣಗಳ ಮೇಲೆ ಬಳಿದ ಅರಗಿನ ಮೆರುಗೆಣ್ಣೆಯು ಬರುಬರುತ್ತ ಹಳದಿಯಾಗಿ, ಧೂಳನ್ನು ಹಿಡಿದು, ಚಿತ್ರಗಳನ್ನು ಮಸಕುಮಾಡಿತು. ಪುರಾತತ್ತ್ವ ಇಲಾಖೆಯವರಿಗೆ ಆ ಪದರವನ್ನು ತೆಗೆಯುವುದೇ ಮುಂದೆ ಹಲವು ವರ್ಷಗಳ ಕೆಲಸವಾಯಿತು.

ಹಳೆಯ ಗಾರೆಯು ಹೇಗೆ ಕೆಡುವುದೆಂಬುದನ್ನು ಕಾಳಿದಾಸನು ಗಮನಿಸಿದ್ದನು. ರಘುವಂಶದ ಹದಿನಾರನೆಯ ಸರ್ಗದಲ್ಲಿ ಅಯೋಧ್ಯೆಯ ಅಧಿದೇವತೆಯು ಕುಶನ ಬಳಿಗೆ ಬಂದು ತನ್ನ ಪಟ್ಟಣದ ದುರವಸ್ಥೆಯನ್ನು ಹೇಳಿಕೊಳ್ಳುವಳು. ಸುಧೆಯು ಕಾಲದಿಂದ ಕಪ್ಪಾಗಿ ಅಲ್ಲಲ್ಲಿ ಹುಲ್ಲು ಮೊಳೆತಿರುವುದರಿಂದ ಬೆಳುದಿಂಗಳು ಕೂಡ ಆ ಉಪ್ಪರಿಗೆಗಳ ಮೇಲೆ ಹೊಳೆಯುವುದಿಲ್ಲವಂತೆ. ಭಿತ್ತಿಗಳಲ್ಲಿ ಬರೆದಿದ್ದ ಆನೆಗಳನ್ನು ನಿಜವಾದುವೆಂದು ಭ್ರಮಿಸಿ ಸಿಂಹಗಳು ಉಗುರಿನಿಂದ ಕುಂಭಸ್ಥಲಗಳನ್ನು ಸೀಳಿರುವುವಂತೆ. ಮೊದಲನೆಯದು ಕಣ್ಣಾರೆ ಕಂಡ ಮಾತು. ಎರಡನೆಯದು ಕವಿಯ ಕಲ್ಪನೆ. ನಮ್ಮ ಊರುಗಳಲ್ಲಿ ಸಿಂಹಗಳ ಕೆಲಸವನ್ನು ಮೊಳೆಗಳು ಮಾಡುತ್ತಿವೆ.

ಮೊಳೆಗಳು ಯಾವಾಗ ಬಂದುವು? ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬೆಳೆದ ಮೈಸೂರಿನ ಚಿನ್ನದ ರೇಕಿನ ಚಿತ್ರಗಳು ಅರಮನೆ, ಮಠ, ಶ್ರೀಮಂತರ ಪೂಜಾಗೃಹಗಳಲ್ಲಿ ಇದ್ದುವು. ಸಾಧಾರಣ ಗೃಹಸ್ಥರಿಗೆ ಅವು ಎಟುಕುತ್ತಿರಲಿಲ್ಲ. ೧೮೯೪ರಲ್ಲಿ ರಾಜಾ ರವಿವರ್ಮನು ಮುಂಬಯಿಯಲ್ಲಿ ಕಲ್ಲಚ್ಚಿನ ಕಾರ್ಖಾನೆಯನ್ನು ತೆರೆದಮೇಲೆ ಸ್ಥಿತಿಯು ಬದಲಾಯಿಸಿತು. ಲಕ್ಷ್ಮಿ, ಸರಸ್ವತಿ, ಶಕುಂತಲೆ, ದಮಯಂತಿಯರು ಬಣ್ಣದ ಹಾಳೆಗಳಾಗಿ ಅಂಗಡಿಗೆ ಬಂದರು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಆ ಕಾರ್ಖಾನೆಯು ಜರ್ಮನಿಯ ಷ್ಲೈಖರನ ವಶವಾಯಿತು. ರವಿವರ್ಮನು ೧೯೦೬ರಲ್ಲಿ ತೀರಿಕೊಂಡನು. ಲೋನಾವಳೆಯ ಸಮೀಪದ ಮಳವಳಿಯಲ್ಲಿದ್ದ ಕಾರ್ಖಾನೆಯು ೧೯೭೨ರಲ್ಲಿ ಬೆಂಕಿಗೆ ಆಹುತಿಯಾಯಿತು. ಅಷ್ಟರೊಳಗೆ ಹಳ್ಳಿಯ ಶಾನುಭೋಗರ ಮನೆಯವರೆಗೂ ಪಟಗಳು ಹೋಗಿ ಸೇರಿದ್ದುವು. ಅಚ್ಚಿನ ಹಾಳೆಗೆ ಕಟ್ಟು ಬೇಕು, ಗಾಜು ಬೇಕು. ಗಾಜು ಬಂದೊಡನೆ ಭಾರವು ಬಂದಿತು. ಭಾರವನ್ನು ಹೊರುವುದಕ್ಕೆ ಮೊಳೆಯು ಬಂದಿತು. ಭಿತ್ತಿಯು ಚಿತ್ರದ ಶರೀರವಾಗಿದ್ದ ಕಾಲ ಹೋಗಿ ಅದು ಚಿತ್ರವನ್ನು ಹೊರುವ ಆಳಾಯಿತು. ಗೋಡೆಯನ್ನು ಒಂದು ತಿಂಗಳು ಹದಮಾಡಿ ಬಳಿಯುತ್ತಿದ್ದವರ ಮೊಮ್ಮಕ್ಕಳಿಗೆ ಗೋಡೆಯೊಳಗೆ ಏನಿದೆಯೆಂದು ಕೇಳುವ ಅವಶ್ಯಕತೆಯೇ ತೋರದೆ ಹೋಯಿತು.

ಈ ಬದಲಾವಣೆಯ ನಡುಮಜಲನ್ನು ಮೈಸೂರಿನಲ್ಲಿ ಕಾಣಬಹುದು. ೧೮೬೧ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯಲ್ಲಿ ದಸರಾ ಮೆರವಣಿಗೆಯು ಗೋಡೆಯ ಮೇಲೆಯೇ ಬರೆಯಲ್ಪಟ್ಟಿದೆ. ೧೯೧೨ರಲ್ಲಿ ಪೂರ್ಣವಾದ ದೊಡ್ಡ ಅರಮನೆಯ ಕಲ್ಯಾಣಮಂಟಪದಲ್ಲಿ ಅದೇ ಮೆರವಣಿಗೆಯನ್ನು ನಮ್ಮ ಚಿತ್ರಕಾರರು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಿಂದ ಬರೆದು ಗೋಡೆಗೆ ಕೂರಿಸಿದ್ದಾರೆ. ದೂರದಿಂದ ಭಿತ್ತಿಚಿತ್ರದಂತೆ ತೋರಿದರೂ ಅದು ಪಟವೇ.

ಮನೆಗಳಲ್ಲಿ ಮೊದಮೊದಲು ಪಟ ಹಾಕಿದವರು ಗೋಡೆಯ ಸ್ವಭಾವವನ್ನು ಬಲ್ಲವರಾಗಿದ್ದರು. ಹಳೆಯ ಪಡಸಾಲೆಗಳಲ್ಲಿ ಬಾಗಿಲಿನ ಮೇಲೆ ಸಾಲಾಗಿ ಪಟಗಳು ಮುಂದಕ್ಕೆ ಬಾಗಿ ನಿಂತಿರುವುದನ್ನು ವಾಚಕರು ನೋಡಿರಬಹುದು. ಕೆಳಗಿನ ಅಂಚು ಗೋಡೆಗೆ ಬಿಗಿದ ಮರದ ಪಟ್ಟಿಯ ಮೇಲೆ ಕುಳಿತಿರುತ್ತದೆ. ಮೇಲಿನ ಅಂಚನ್ನು ಹುರಿಯಿಂದ ತೊಲೆಗೋ ಗೂಟಕ್ಕೋ ಕಟ್ಟಿರುತ್ತದೆ. ಕೆಳಗೆ ಕುಳಿತವರಿಗೆ ದೇವರ ಮುಖವು ಕಾಣಲೆಂದು ಹೀಗೆ ಮಾಡಿದರೆಂದು ಹೇಳುವುದುಂಟು, ಅದು ಸರಿಯೇ. ಅದರೊಡನೆ ಪಟದ ಭಾರವೆಲ್ಲ ಪಟ್ಟಿಯ ಮೇಲೆ ಹಂಚಿಹೋಗುತ್ತದೆ, ಬೆನ್ನ ಹಿಂದೆ ಗಾಳಿಯಾಡುತ್ತದೆ, ಗಾಜಿನ ಮೇಲೆ ಧೂಳು ಕೂಡುವುದು ಕಡಮೆಯಾಗುತ್ತದೆ. ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಮನೆಗಳಲ್ಲಿ ಮೇಲ್ಛಾವಣಿಗೆ ಕೆಳಗಾಗಿ ಕೋಣೆಯ ಸುತ್ತಲೂ ಮರದ ಪಟ್ಟಿಯನ್ನು ಬಿಗಿದು, ಅದಕ್ಕೆ ಕೊಕ್ಕೆ ಸಿಕ್ಕಿಸಿ ಹುರಿಯಿಂದ ಚಿತ್ರಗಳನ್ನು ಇಳಿಬಿಡುತ್ತಿದ್ದರು. ಅವರ ಗೋಡೆಗಳೂ ಸುಣ್ಣದ ಗಾರೆಯವೇ ಆಗಿದ್ದುದರಿಂದ ಅವರಿಗೂ ಇದೇ ಯುಕ್ತಿಯು ಹೊಳೆಯಿತು.

ಸಿಮೆಂಟು ಬಂದಮೇಲೆ ಈ ತಿಳಿವಳಿಕೆಯು ಮಾಯವಾಯಿತು. ೧೮೨೪ರಲ್ಲಿ ಜೋಸೆಫ್ ಆಸ್ಪ್‌ಡಿನ್ ಎಂಬ ಇಂಗ್ಲಿಷ್ ಗಾರೆಯವನು ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರವನ್ನು ಪಡೆದನು. ೧೯೧೪ರಲ್ಲಿ ಪೋರಬಂದರಿನಲ್ಲಿ ನಮ್ಮ ದೇಶದ ಸಿಮೆಂಟಿನ ತಯಾರಿಕೆಯು ನೆಲೆಗೊಂಡಿತು. ಅದು ನಾಲ್ಕಾರು ಗಂಟೆಗಳಲ್ಲಿ ಬಿಗಿಯುವುದು, ಗಾಣದಲ್ಲಿ ಅರೆಯಬೇಕಾಗಿಲ್ಲ, ತಿಂಗಳು ಕಾಯಬೇಕಾಗಿಲ್ಲ. ಹೊಸ ಕಟ್ಟಡಗಳಲ್ಲಿ ಅದರ ಉಪಕಾರವನ್ನು ಅಲ್ಲಗಳೆಯುವವನು ನಾನಲ್ಲ. ಮಣ್ಣು ಸುಣ್ಣಗಳ ಗೋಡೆಗೆ ಅದನ್ನು ಮೆತ್ತುವುದೇ ಅಪಾಯಕರ. ಸಿಮೆಂಟಿನ ತೇಪೆಯು ತೇವವನ್ನು ಹೊರಕ್ಕೆ ಬಿಡದು. ದಾರಿ ಕಟ್ಟಿದ ತೇವವು ತೇಪೆಯ ಅಂಚನ್ನು ಬಳಸಿ ಮೇಲಕ್ಕೂ ಪಕ್ಕಕ್ಕೂ ಹೋಗಿ ಹಳೆಯ ಗಾರೆಯಲ್ಲಿ ಹೊರಬೀಳುತ್ತದೆ. ನೀರಿನಲ್ಲಿ ಕರಗಿದ್ದ ಲವಣಗಳು ಅಲ್ಲಿ ಹರಳುಗಟ್ಟಿ ಗಾರೆಯನ್ನು ಪುಡಿಮಾಡುತ್ತವೆ. ಗೋಡೆಯು ಬಿಸಿಲು ಚಳಿಗೆ ಕದಲುವಾಗ ಮೆತುವಾದ ಗಾರೆಯು ಅದರೊಡನೆ ಬಗ್ಗುತ್ತದೆ. ಗಡುಸಾದ ಸಿಮೆಂಟು ಬಗ್ಗದೆ ಹಳೆಯದನ್ನು ಕಿತ್ತುಕೊಂಡು ಬೀಳುತ್ತದೆ.

ನಮ್ಮ ಜಿಲ್ಲೆಯದೇ ಒಂದು ಹಳೆಯ ಮನೆಯ ನಡುಮನೆಯಲ್ಲಿ ಎದೆಯುದ್ದದಿಂದ ಮೇಲಕ್ಕೆ ಶ್ರೀರಾಮಪಟ್ಟಾಭಿಷೇಕವನ್ನು ಗಾರೆಯ ಮೇಲೆ ಬರೆದಿದ್ದರು. ಪಾಠಶಾಲೆಯಿಂದ ರಜೆಗೆ ಬಂದಾಗಲೆಲ್ಲ ನಾನು ಅದನ್ನು ನೋಡುತ್ತಿದ್ದೆನು. ಆಗಲೇ ಹನುಮ೦ತನ ಬಾಲದ ನಡುವೆ ಒಂದು ಮೊಳೆಯಿತ್ತು. ಮದುವೆಯ ಭಾವಚಿತ್ರವೊಂದು ಅದರಲ್ಲಿ ತೂಗುತ್ತಿತ್ತು. ಮುಂದೆ ಗೋಡೆಯ ಬುಡದಲ್ಲಿ ತೇವವು ಕಾಣಿಸಿಕೊಂಡಿತೆಂದು ಮನೆಯವರು ನೆಲದಿಂದ ಎರಡು ಮೊಳ ಎತ್ತರದವರೆಗೆ ಗಾರೆಯನ್ನು ಕೆತ್ತಿಸಿ ಸಿಮೆಂಟು ಹಾಕಿಸಿದರು. ಚಿತ್ರವನ್ನು ಯಾರೂ ಮುಟ್ಟಲಿಲ್ಲ. ಮೂರು ಮಳೆಗಾಲ ಕಳೆಯುವುದರೊಳಗೆ ತೇವವು ಸಿಮೆಂಟನ್ನು ಹಾಯ್ದು ಮೇಲಕ್ಕೆ ಏರಿತು. ಸಿಂಹಾಸನದ ಪಾದಗಳೂ, ಕೆಳಗೆ ಕುಳಿತಿದ್ದ ಋಷಿಗಳೂ, ಆಂಜನೇಯನೂ ಹೊಪ್ಪಳೆ ಹೊಪ್ಪಳೆಯಾಗಿ ನೆಲಕ್ಕೆ ಉದುರಿದರು. ಗುಡಿಸಿ ಎತ್ತಿದ ಪುಡಿಯನ್ನು ಮನೆಯ ಹಿರಿಯಾಕೆಯು, ದೇವರ ಚಿತ್ರವೆಂದು, ತುಳಸಿಯ ಬುಡಕ್ಕೆ ಹಾಕಿದರು. ಈಗ ಆ ಗೋಡೆಗೆ ಮೇಲಿನಿಂದ ಕೆಳಗಿನವರೆಗೆ ಎಣ್ಣೆಬಣ್ಣ ಬಳಿದಿದೆ.

ಆದುದರಿಂದ ಮೊಳೆ ಹೊಡೆಯುವುದಕ್ಕೆ ಮುಂಚೆ ಗೋಡೆಯನ್ನು ನೋಡತಕ್ಕದ್ದು. ದೀಪವನ್ನು ಎದುರಿಗೆ ಹಿಡಿಯದೆ ಗೋಡೆಯ ಪಕ್ಕದಿಂದ ಸಾರಿಸಿದಂತೆ ಹಿಡಿದರೆ ಉಬ್ಬು, ಬಿರುಕು, ಹಳೆಯ ಗೆರೆಗಳು ಕಾಣುತ್ತವೆ. ಸುಣ್ಣದ ಹೊಪ್ಪಳೆ ಎದ್ದ ಕಡೆ ಅಂಚಿನಲ್ಲಿ ಕೆಂಪು, ಹಸುರು, ಹಳದಿ ಏನಾದರೂ ಕಂಡರೆ ಅಡಿಯಲ್ಲಿ ಚಿತ್ರವಿರಬಹುದು. ಅಂತಹ ಕಡೆ ಮೊಳೆಯೂ ಬೇಡ, ನೀರೂ ಬೇಡ, ಕೆರೆಯುವುದೂ ಬೇಡ. ಭಾವಚಿತ್ರ ತೆಗೆದು ರಾಜ್ಯದ ಪುರಾತತ್ತ್ವ ಇಲಾಖೆಯವರಿಗೆ ತಿಳಿಸುವುದು ಉತ್ತಮ. ಚಿತ್ರವಿಲ್ಲದ ಗೋಡೆಯಾದರೆ ಬೆರಳಗೆಣ್ಣಿನಿಂದ ತಟ್ಟಿ ನೋಡಬೇಕು. ಗಟ್ಟಿಯಾಗಿ ಕೇಳಿಸಿದರೆ ಗಾರೆಯು ಗೋಡೆಯನ್ನು ಹಿಡಿದಿದೆ. ಪೊಳ್ಳುಸದ್ದು ಬಂದರೆ ಬಿಟ್ಟಿದೆ. ತೇವವಿದ್ದರೆ ಅದರ ಮೂಲವನ್ನು ಮೊದಲು ನಿಲ್ಲಿಸಬೇಕು: ಒಡೆದ ಹೆಂಚು, ಗೋಡೆಯ ಬುಡಕ್ಕೆ ಬೀಳುವ ಹನಿನೀರು, ಹೊರಗೆ ಏರಿಸಿದ ಮಣ್ಣು ಇವೇ ಸಾಮಾನ್ಯವಾಗಿ ಕಾರಣಗಳು. ಇದನ್ನು ಬಿಟ್ಟು ಗಾರೆ ಮೆತ್ತಿದರೆ ಜ್ವರವಿರುವಾಗ ಗಂಧ ಹಚ್ಚಿದಂತೆ.

ಬಿರುಕಿನ ದುರಸ್ತಿಗೆ ಸಡಿಲವಾದುದನ್ನು ಚಾಕುವಿನಿಂದ ತೆಗೆದು, ಅಂಚನ್ನು ಒಳಗೆ ಅಗಲ ಹೊರಗೆ ಕಿರಿದಾಗುವಂತೆ ಕೊರೆದುಕೊಳ್ಳಬೇಕು. ಆಗ ಹೊಸ ಗಾರೆಯು ಕಚ್ಚಿಕೊಂಡು ನಿಲ್ಲುವುದು. ಧೂಳನ್ನು ಕುಂಚದಿಂದ ಗುಡಿಸಿ ನೀರು ಚಿಮುಕಿಸಬೇಕು. ಒಣಗಿದ ಹಳೆಯ ಗಾರೆಯು ಹೊಸದರ ನೀರನ್ನೆಲ್ಲ ಕುಡಿದುಬಿಟ್ಟರೆ ಅದು ಪುಡಿಯಾಗುವುದು. ಕೆಲವು ವಾರ ನೀರಿನಲ್ಲಿ ನೆನೆದ ಸುಣ್ಣ ಒಂದು ಪಾಲು, ತೊಳೆದ ಮರಳು ಮೂರು ಪಾಲು; ಆಳವಾದ ಕುಳಿಗೆ ಗೋಣಿಯ ನಾರನ್ನು ಸಣ್ಣಗೆ ಕತ್ತರಿಸಿ ಸೇರಿಸಬಹುದು. ಬೆರಳಗಲ ದಪ್ಪಕ್ಕೆ ಮೀರದ ಪದರಗಳಲ್ಲಿ ತುಂಬಿ, ಒಂದೊಂದು ಪದರವನ್ನೂ ಒದ್ದೆಬಟ್ಟೆ ಮುಚ್ಚಿ ನಿಧಾನವಾಗಿ ಒಣಗಿಸಿ, ಕೊನೆಯದಕ್ಕೆ ಸೋಸಿದ ನಯವಾದ ಸುಣ್ಣವನ್ನು ಸವರಬೇಕು. ಅಂಗಡಿಯಲ್ಲಿ ದೊರೆಯುವ ಪ್ಲಾಸ್ಟರ್ ಆಫ್ ಪ್ಯಾರಿಸ್ಸು ಬೇಗ ಬಿಗಿಯುವುದು ನಿಜ. ತೇವದ ಗೋಡೆಯಲ್ಲಿ ಅದು ಮೆತ್ತಗಾಗಿ ಬಿಡುವುದೂ ನಿಜ. ಮೇಲೆ ಸುಣ್ಣವನ್ನೇ ಬಳಿಯಬೇಕು. ಎಣ್ಣೆಬಣ್ಣವನ್ನೂ ಪ್ಲಾಸ್ಟಿಕ್ ಬಣ್ಣವನ್ನೂ ಬಳಿದರೆ ಇಷ್ಟು ಮಾಡಿದ್ದೆಲ್ಲವೂ ವ್ಯರ್ಥ.

ಮೊಳೆಯ ವಿಷಯ ಉಳಿಯಿತು. ಕಬ್ಬಿಣವು ಹಸಿಸುಣ್ಣದಲ್ಲಿ ತುಕ್ಕುಹಿಡಿಯದು. ಸುಣ್ಣವು ಕಲ್ಲಾಗಿ ಅದರ ಕ್ಷಾರಗುಣವು ಹೋದ ಬಳಿಕ ತೇವ ತಗುಲಿದರೆ ತುಕ್ಕು ಹತ್ತುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಹಿಡಿಯುವುದರಿಂದ ಮೊಳೆಯು ತಾನು ನಿಂತ ಗಾರೆಯನ್ನೇ ಒಡೆಯುತ್ತದೆ. ಹಳೆಯ ಮೊಳೆಯ ಸುತ್ತ ಕಂದುಬಣ್ಣದ ಉಂಗುರವೂ ನಕ್ಷತ್ರದಂತಹ ಬಿರುಕೂ ಇರುವುದು ಇದರಿಂದಲೇ. ಹಿತ್ತಾಳೆಯ ಅಥವಾ ತುಕ್ಕುಹಿಡಿಯದ ಉಕ್ಕಿನ ತಿರುಪು ವಾಸಿ. ಸುತ್ತಿಗೆಯ ಪೆಟ್ಟು ಗಾರೆಯನ್ನು ಸುತ್ತಲೂ ಅದುರಿಸಿ ಪೊಳ್ಳುಮಾಡುವುದರಿಂದ ಬೈರಿಗೆಯಲ್ಲಿ ಮೆಲ್ಲಗೆ ತೂತು ಕೊರೆದು, ಗಾರೆಯನ್ನು ದಾಟಿ ಇಟ್ಟಿಗೆಯನ್ನೋ ಕಲ್ಲಿನ ಸಂದನ್ನೋ ಮುಟ್ಟಿ, ಒಣಗಿದ ತೇಗದ ಬೆಣೆಯನ್ನು ಸುಣ್ಣದೊಡನೆ ಕೂರಿಸಿ, ಒಂದು ವಾರ ಬಿಟ್ಟು ಅದಕ್ಕೆ ತಿರುಪನ್ನು ಹಾಕಬೇಕು. ಮಣ್ಣಿನ ಗೋಡೆಯಾದರೆ ಬೆಣೆಯೂ ನಿಲ್ಲದು; ಅಲ್ಲಿ ತೊಲೆಯಿಂದಲೇ ಹುರಿಯನ್ನು ಇಳಿಬಿಡಬೇಕು.

ದೊಡ್ಡ ಪಟಕ್ಕೆ ಎರಡು ಕಡೆ ಆಧಾರವಿರಲಿ. ಕೆಳಗೆ ಹಳೆಯವರ ಮರದ ಪಟ್ಟಿಯಿದ್ದರೆ ಇನ್ನೂ ಮೇಲು. ಮಳೆಯ ಹೊಡೆತ ಬೀಳುವ ಹೊರಗೋಡೆಗೆ ಪಟ ಹಾಕದಿರುವುದೇ ಕ್ಷೇಮ. ಮಲೆನಾಡಿನ ಪಡುಗೋಡೆಯ ಪಟಗಳಲ್ಲಿ ಬೂಷ್ಟು ಹಿಡಿಯದಿರುವುದನ್ನು ನಾನು ಕಂಡಿಲ್ಲ. ಕಟ್ಟಿನ ಕೆಳಗಿನ ಎರಡು ಮೂಲೆಗಳಿಗೆ ಬಿರಡೆಯ ಚೂರನ್ನು ಅಂಟಿಸಿದರೆ ಬೆನ್ನಿಗೂ ಗೋಡೆಗೂ ನಡುವೆ ಅರ್ಧ ಬೆರಳಿನ ಸಂದು ಉಳಿದು ಗಾಳಿಯಾಡುವುದು. ನವರಾತ್ರಿಗೆ ಮನೆಯನ್ನು ಸಾರಿಸುವಾಗ ಒಂದು ಸಲ ಪಟಗಳನ್ನು ಇಳಿಸಿ ಬೆನ್ನನ್ನು ನೋಡಬೇಕು. ಹಲ್ಲಿಯ ಮೊಟ್ಟೆ, ಗೆದ್ದಲಿನ ಮಣ್ಣು, ಹಾಳೆಯ ಮೇಲೆ ಹಲಗೆಯಿಂದ ಇಳಿದ ಕಂದುಬಣ್ಣ ಇವೆಲ್ಲ ಅಲ್ಲಿಯೇ ಮೊದಲು ಕಾಣುವುದು. ಕುಂಕುಮವನ್ನು ಗಾಜಿನ ಮೇಲೆ ಒದ್ದೆಯಾಗಿ ಹಚ್ಚಿದರೆ ನೀರು ಕಟ್ಟಿನೊಳಗೆ ಇಳಿದು ಹಾಳೆಯ ಅಂಚು ಕೊಳೆಯುವುದೆಂಬುದನ್ನು ಮನೆಯ ಹೆಂಗಸರಿಗೆ ನಾನು ಹೇಳಬೇಕಾಗಿಲ್ಲ; ಅವರಿಗೆ ಗೊತ್ತು, ಆದರೂ ಹಚ್ಚುತ್ತಾರೆ.

ಗಾರೆ ಎಲ್ಲಿ ಸಿಕ್ಕುವುದೆಂದು ಕೇಳುವರು. ಎತ್ತು ತಿರುಗಿಸುತ್ತಿದ್ದ ಗಾರೆಗಾಣದ ಕಲ್ಲಿನ ಚಕ್ರಗಳು ಅನೇಕ ಊರುಗಳಲ್ಲಿ ಕೆರೆಯ ಏರಿಯ ಪಕ್ಕದಲ್ಲಿಯೋ ಹಳೆಯ ದೇವಸ್ಥಾನದ ಹಿಂದೆಯೋ ಬಿದ್ದಿವೆ. ಅವು ಈಗ ತಿರುಗುವುದಿಲ್ಲ. ಆದರೆ ಸುಟ್ಟಸುಣ್ಣವು ಇನ್ನೂ ದೊರೆಯುತ್ತದೆ. ಅದನ್ನು ಮಣ್ಣಿನ ಬಾನಿಯಲ್ಲಿ ಅರಳಿಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲುವಂತೆ ಮುಚ್ಚಿಟ್ಟರೆ ವರ್ಷವಾದರೂ ಕೆಡದು, ಹಳೆಯದಾದಷ್ಟೂ ಒಳ್ಳೆಯದು. ಅರಳಿಸುವಾಗ ಮಕ್ಕಳನ್ನು ದೂರವಿಡಬೇಕು, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು. ಗಾಣವಿಲ್ಲದಿದ್ದರೆ ಬಳಕೆಯಲ್ಲಿಲ್ಲದ ಒರಳಿನಲ್ಲಿ ಅರೆದರೂ ಸಾಕು. ಒಂದು ಪಟದ ಮೊಳೆಯ ಸುತ್ತ ಉದುರಿದ ಗಾರೆಯನ್ನು ತುಂಬುವುದಕ್ಕೆ ಎರಡು ಬೊಗಸೆಗಿಂತ ಹೆಚ್ಚು ಬೇಕಾಗುವುದಿಲ್ಲ.